ತರಗು ಬೆಂಕಿ

ಆ ಕೊಳ್ಳಿ ಸ್ವಲ್ಪ ಒಳಗೆ ನೂಕು, ಹೇಳ್ತೀನಿ.

ಬಿಳಿಗಿರಿರಂಗನ ಬೆಟ್ಟದ ಮಾತು. ನೆಲ್ಲಿಮರ ಎಣಿಸುವ ಸಂಶೋಧಕರ ಜೊತೆ ಟೇಪು ಹಿಡಿದು ತಿರುಗುತ್ತಿದ್ದೆ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಕಾಯಿ ಬಿಡಿಸಿ ಮಾರುವುದರಿಂದ ನೆಲ್ಲಿಗೆ ಕುತ್ತು ಬಂದಿದೆಯೇ ಎಂಬುದು ಆಗಿನ ಪ್ರಶ್ನೆ. ಸುತ್ತಳತೆ, ಕಾಯಿಯ ಅಂದಾಜು, ಕಡಿದ ಕೊಂಬೆ, ಎಲ್ಲಕ್ಕೂ ಒಂದೊಂದು ಕಾಲಂ.

ನಮ್ಮ ಜೊತೆಗಿದ್ದ ಸೋಲಿಗ ತಾತ ಬುಡದ ಕಡೆ ನೋಡುತ್ತಲೇ ಇರಲಿಲ್ಲ. "ಅಗೋ, ಉಪ್ಪಿಲು. ಅದ ಯಾಕೆ ಬರ್ಕೊಳ್ಳಲ್ಲ?" ಅಂದರು. ಕತ್ತೆತ್ತಿದರೆ ನೆಲ್ಲಿಯ ಸಣ್ಣೆಲೆಗಳ ನಡುವೆ ದಪ್ಪ ಎಲೆಯ ಬದನಿಕೆ. ಅದು ಕೂತ ಕೊಂಬೆ ಅರ್ಧ ಒಣಗಿತ್ತು.

ರಾತ್ರಿ ಸೋಲಿಗರ ಹಾಡಿಯಾದ ಪೋಡಿನಲ್ಲಿ ತಾತನದು ಅದೇ ಮಾತು. "ಮೊದ್ಲು ತರಗು ಬೆಂಕಿ ಹಾಕ್ತಿದ್ದೊ. ಎಲೆ ಉದುರಿದ ಕೂಡ್ಲೆ, ಬಿಸ್ಲು ಏರಕ್ಕೆ ಮುಂಚೆ. ಸಣ್ಣ ಬೆಂಕಿ, ನೆಲ ನೆಕ್ಕೊಂಡು ಹೋಗೋದು. ಆಗ ಉಪ್ಪಿಲು ಇಷ್ಟಿರ್ಲಿಲ್ಲ, ಲಂಟಾನ ಕಳೆ ಮೇಲೇಳ್ತಿರ್ಲಿಲ್ಲ. ಈಗ ಕಡ್ಡಿ ಗೀರಿದ್ರೆ ಕೇಸು."

1974ರಲ್ಲಿ ಅಭಯಾರಣ್ಯವಾದ ಕಾಡದು. ಬೆಂಕಿ ಎಂದರೆ ಕಾಡಿನ ಶತ್ರು ಅಂತಲೇ ನಾವೆಲ್ಲ ಓದಿದ್ದು.

ಸಂಶೋಧಕಿ ಪುಸ್ತಕ ತೆರೆದು, "ಬರ್ಕೊಳ್ಳಲಾ?" ಎಂದು ಕೇಳಿದರು. ಮೂಲೆಯಲ್ಲಿದ್ದ ಅಜ್ಜಿ ಉತ್ತರ ಕೊಟ್ಟಳು: "ಬರ್ಕೊ ಮಗ. ಹೇಳ್ದೋರು ನಾವು ಅಂತ್ಲೂ ಬರಿ. ಬರ್ದುದ್ನ ಬಂದು ನಮ್ಗೂ ಓದು." ಆಮೇಲೆ ಎಷ್ಟೋ ಪುಟಗಳ ಒಪ್ಪಿಗೆ ಪತ್ರಗಳನ್ನು ನೋಡಿದ್ದೇನೆ. ಅಜ್ಜಿಯ ಷರತ್ತಿಗಿಂತ ಹೆಚ್ಚಿನದು ಅವುಗಳಲ್ಲಿ ಕಾಣಲಿಲ್ಲ.

ಮಾರನೆ ದಿನದಿಂದ ಉಪ್ಪಿಲಿಗೂ ಕಾಲಂ ಬಂತು. ಕಾಯಿ ಅಂದಾಜು ಮಾಡಲು ಸೋಲಿಗರೂ ನಮ್ಮ ಜೊತೆ ಕೂತರು, ಮರ ನೋಡಿ ಇಷ್ಟು ಎನ್ನುವುದರಲ್ಲಿ ಅವರ ಕಣ್ಣು ನಮಗಿಂತ ಚುರುಕು. ಲಂಟಾನದ ಲೆಕ್ಕವೂ ತಾತನ ಕಡೆಗೇ ವಾಲಿತು: 1997ರಿಂದ 2008ರೊಳಗೆ ಅದು ಕಾಡಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕಡೆ ಹಬ್ಬಿತ್ತು.

ಅಷ್ಟರಲ್ಲಿ ಅಭಯಾರಣ್ಯದ ಉತ್ಪನ್ನ ಮಾರುವಂತಿಲ್ಲ ಎಂಬ ನಿಷೇಧ ಬಂದು ಪೋಡುಗಳ ಸಂಪಾದನೆಗೇ ಪೆಟ್ಟು ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಸೋಲಿಗರು ಅರ್ಜಿ ಹಾಕಿದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ದೇಶದ ಹುಲಿ ಕಾಡುಗಳಲ್ಲಿ ಅದೇ ಮೊದಲು.

ಆಮೇಲೊಮ್ಮೆ ಕೇಳಿದೆ, "ತಾತ, ಈಗೇನ್ಮಾಡ್ತೀರಿ?"

"ಜೇನು, ನೆಲ್ಲಿ, ಪಾಚಿ ತಕ್ಕೊತೀವಿ," ಅಂದರು. "ಬೆಂಕಿ ಹಾಕಕ್ಕೆ ಬಿಡ್ಬೇಕಲ್ಲ, ಅದ್ಕೆ ಇನ್ನೊಂದರ್ಜಿ ಬರಿ."