ಜರಿ ಕರಗಿಸುವ ಮೊದಲು

2025 ಜನವರಿ 6, ಚಳ್ಳಕೆರೆ

ಮೊಳಕಾಲ್ಮೂರಿನಿಂದ ಭಾವ ಎರಡು ಪೊಟ್ಟಣ ಕಳಿಸಿದ್ದಾರೆ. ಒಂದರಲ್ಲಿ ಮಗ್ಗದ ಮನೆಯಲ್ಲಿ ಕೂಡಿಟ್ಟ ಜರಿ ಚೂರು. ಇನ್ನೊಂದರಲ್ಲಿ ಮಡಿಕೆಯಲ್ಲೇ ಸೀಳಿಹೋದ ಹಳೆ ಸೀರೆಗಳಿಂದ ಬಿಚ್ಚಿದ ಅಂಚು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಎರಡನ್ನೂ ಬೆರೆಸ್ಬೇಡ ಕಣಪ್ಪ. ಅಂಚಿಂದು ಅಸಲಿ ಜರಿ. ಚೂರಲ್ಲಿ ಹಾಫ್ ಫೈನು, ಟೆಸ್ಟೆಡ್ಡು ಎಲ್ಲಾ ಸೇರ್ಕೊಂಡೈತೆ."

ಸಂಜೆ ಕನ್ನಡಕ ಹಾಕಿಕೊಂಡು ಕೂತು ನೋಡಿದೆ. ಎಳೆಯ ತುದಿ ಹಿಡಿದು ತಿರುವು ಬಿಚ್ಚಿದರೆ ಒಳಗೆ ನೂಲು, ಅದರ ಮೇಲೆ ಸುತ್ತಿದ ಚಪ್ಪಟೆ ತಂತಿ. ಅಂಚಿನ ತಂತಿಯನ್ನು ಕೆರೆದರೆ ಹಳದಿ ಹೋಗಿ ಬಿಳಿ ಕಾಣುತ್ತದೆ. ಚೂರಿನ ಪೊಟ್ಟಣದ ಎಷ್ಟೋ ಎಳೆಗಳು ಕೆಂಪಗೆ ತಾಮ್ರ ತೋರಿಸಿದವು. ಬೆಂಕಿಕಡ್ಡಿ ತಾಗಿಸಿದಾಗ ಕೂದಲು ಸುಟ್ಟ ವಾಸನೆ ಬಂದರೆ ಒಳಗಿನದು ರೇಷ್ಮೆ. ಕರಗಿ ಗುಂಡಗೆ ಮುದುಡಿದರೆ ಪಾಲಿಯೆಸ್ಟರ್. ಅಂಥವನ್ನು ಬದಿಗಿಟ್ಟೆ.

ಮೈಸೂರು ಸಿಲ್ಕಿನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂದು ಅದನ್ನು ನೇಯುವ ಸರ್ಕಾರಿ ನಿಗಮ ಕೆಎಸ್‌ಐಸಿ ಹೇಳುತ್ತದೆ. ಆ ಲೆಕ್ಕದಲ್ಲಿ 100 ಗ್ರಾಂ ಜರಿಗೆ ಚಿನ್ನ ಒಂದು ಗ್ರಾಮೂ ಇಲ್ಲ. ಮೊಳಕಾಲ್ಮೂರಿನ ಹಳೆ ಅಂಚಿಗೆ ಅಂಥ ಲೆಕ್ಕ ಬರೆದಿಟ್ಟವರು ಯಾರು? ಕರಗಿಸಿಯೇ ತಿಳಿಯಬೇಕು.

ಜನವರಿ 9

ಜರಿ ಕರಗಿಸಲು ಯಾವ ಗ್ರೇಡಿನ ಆಸಿಡ್ ತರಬೇಕು ಎಂಬುದೇ ಇವತ್ತಿನ ಯೋಚನೆ. ಎಆರ್ (ಅನಲಿಟಿಕಲ್ ರೀಏಜೆಂಟ್) ಅಂದರೆ ಮೇಲು, ಎಲ್‌ಆರ್ (ಲ್ಯಾಬೊರೇಟರಿ ರೀಏಜೆಂಟ್) ಅಂದರೆ ಮಧ್ಯಮ, ಕಮರ್ಷಿಯಲ್ ಅಂದರೆ ಕೀಳು ಎಂದು ಕಾಲೇಜಿನ ಲ್ಯಾಬಿನಲ್ಲಿ ರೂಢಿಯಾದ ಮಾತು ಲೋಹ ಶುದ್ಧಿಗೆ ಹೊಂದುವುದಿಲ್ಲ. ಇಲ್ಲಿ ಪ್ರತಿ ಹಂತಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಕಲ್ಮಶ ಈ ಕೆಲಸವನ್ನು ಕೆಡಿಸುತ್ತದೆ?

ನೈಟ್ರಿಕ್ ಆಸಿಡ್ಡಿನಲ್ಲಿ ಕೆಡಿಸುವುದು ಕ್ಲೋರೈಡ್. ಬೆಳ್ಳಿ ಕರಗಿದ ಕ್ಷಣವೇ ಅದು ಬೆಳ್ಳಿಯನ್ನು ಹಿಡಿದು ಬಿಳಿ ಗಸಿಯಾಗಿ ಕೂರಿಸುತ್ತದೆ. ತಳದಲ್ಲಿ ಉಳಿಯುವ ಚಿನ್ನದ ಕಂದು ಪುಡಿಯೊಳಗೆ ಆ ಗಸಿ ಸೇರಿಕೊಂಡರೆ ಬೇರ್ಪಡಿಸುವುದು ದೊಡ್ಡ ತಲೆನೋವು. ಒಂದಿಷ್ಟು ಕಬ್ಬಿಣದ ಅಂಶ ಇದ್ದರೆ ನಷ್ಟವೇನೂ ಇಲ್ಲ. ಆಮೇಲೆ ದ್ರಾವಣಕ್ಕೆ ತಾಮ್ರ ಹಾಕಿ ಬೆಳ್ಳಿ ಇಳಿಸುವಾಗ ಕಬ್ಬಿಣ ದ್ರಾವಣದಲ್ಲೇ ಉಳಿಯುತ್ತದೆ. ಹಾಗಾಗಿ ಎಆರ್‌ಗೆ ದುಡ್ಡು ಸುರಿಯಬೇಕಿಲ್ಲ. ಕ್ಲೋರೈಡ್ ಮಿತಿಯನ್ನು ಚೀಟಿಯಲ್ಲಿ ಅಚ್ಚು ಹಾಕಿದ ಎಲ್‌ಆರ್ ಸಾಕು. ಕಮರ್ಷಿಯಲ್ಲಿನ ಸಾಂದ್ರತೆ ಕಡಿಮೆ ಎಂಬುದೂ ದೊಡ್ಡ ದೋಷವಲ್ಲ. ಹೇಗೂ ಸಮ ನೀರು ಬೆರೆಸುತ್ತೇವೆ, ಕಡಿಮೆ ನೀರು ಹಾಕಿದರಾಯಿತು. ಅದರ ತೊಂದರೆ ಬೇರೆ: ಒಳಗೆ ಏನಿದೆ ಎಂದು ಚೀಟಿ ಹೇಳುವುದಿಲ್ಲ.

ಮುಂದೆ ಚಿನ್ನ ಕರಗಿಸಲು ಬೇಕಾಗುವ ಹೈಡ್ರೋಕ್ಲೋರಿಕ್ಕಿಗೆ ಈ ಕಟ್ಟುನಿಟ್ಟು ಬೇಡ. ಕಬ್ಬಿಣದಿಂದ ಹಳದಿ ತಿರುಗಿದ್ದರೂ ಚಿನ್ನದ ಕೆಲಸಕ್ಕೆ ನಡೆಯುತ್ತದೆ. ಆದರೆ ಸೋಪು, ಬಣ್ಣ, ಪರಿಮಳ ಬೆರೆಸಿದ ಟಾಯ್ಲೆಟ್ ಕ್ಲೀನರ್ ಮಾತ್ರ ಕೂಡದು.

ಜನವರಿ 11, ದಾವಣಗೆರೆ

ನೈಟ್ರಿಕ್ಕಿಗೆ ಮೊದಲು ಹೋದ ಅಂಗಡಿಯವರು ದೊಡ್ಡ ಕ್ಯಾನಿನಿಂದ ಖಾಲಿ ನೀರಿನ ಬಾಟಲಿಗೆ ಬಗ್ಗಿಸಲು ಹೊರಟರು. ಹೆಸರಿಲ್ಲ, ಚೀಟಿಯಿಲ್ಲ, ಯಾಕೆ ಬೇಕು ಎಂಬ ಕೇಳಿಕೆಯೂ ಇಲ್ಲ. ಬೇಡವೆಂದು ಹೊರಬಂದೆ. ಆ ಬಾಟಲಿ ಮನೆಯಲ್ಲಿ ಮಗುವಿನ ಕೈಗೆ ಸಿಕ್ಕರೆ?

ಇನ್ನೊಬ್ಬರು ಆಧಾರ್ ಕೇಳಿದರು. ವಿಳಾಸ, ಉದ್ದೇಶ, ಎಷ್ಟು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡರು. "ಬೇಜಾರು ಮಾಡ್ಕೋಬೇಡಿ ಸಾರ್" ಎಂದರು. ಬೇಜಾರು ಯಾಕೆ? ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಗಳೊಬ್ಬಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರಿಂದ 2013ರ ಜುಲೈಯಲ್ಲಿ ಬಂದ ಆದೇಶ ಅದು. 18 ತುಂಬದವರಿಗೆ ಕೊಡುವ ಹಾಗಿಲ್ಲ. ಈ ಪುಸ್ತಕ ಇಡದ ಅಂಗಡಿಯಿಂದ ನಾನು ಯಾವತ್ತೂ ಕೊಳ್ಳುವುದಿಲ್ಲ. ಸೀಲ್ ಒಡೆಯದ 2.5 ಲೀಟರಿನ ಬಾಟಲಿ, ಬ್ಯಾಚ್ ನಂಬರು, ತಯಾರಾದ ತಿಂಗಳು ಎಲ್ಲ ಸರಿಯಿತ್ತು. ಬಸ್ಸಿಗೆ ಹತ್ತಿಸುವ ಸಾಮಾನಲ್ಲ. ಗೂಡ್ಸ್ ಗಾಡಿಯಲ್ಲಿ, ಮರಳು ತುಂಬಿದ ಡಬ್ಬಿಯೊಳಗೆ ನಿಲ್ಲಿಸಿ ತರಿಸಿದೆ.

ಜನವರಿ 13

ಚೀಟಿಯನ್ನು ನಂಬಿ ಸುಮ್ಮನಿರುವುದು ತರವಲ್ಲ. ಅಕ್ಕಸಾಲಿ ಆಚಾರ್ರು ಕೊಟ್ಟ ಶುದ್ಧ ಬೆಳ್ಳಿ ತಂತಿಯ ಚೂರನ್ನು ಪ್ರನಾಳದಲ್ಲಿ ಹಾಕಿ ಹೊಸ ಆಸಿಡ್ ಬಿಟ್ಟೆ. ಕರಗಿದ ಮೇಲೆ ಕಪ್ಪು ಬಟ್ಟೆ ಹಿಂದೆ ಹಿಡಿದು ನೋಡಿದರೆ ದ್ರಾವಣ ತಿಳಿ. ಮಬ್ಬಿಲ್ಲ.

ಅದೇ ದ್ರಾವಣದ ಒಂದೊಂದು ಹನಿಯನ್ನು ನೀರಿಗೆ ಬಿಟ್ಟು ನೋಡಿದೆ. ಬೋರ್‌ವೆಲ್ ನೀರು ತಕ್ಷಣ ಹಾಲಿನಂತೆ ಬೆಳ್ಳಗಾಯಿತು. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರಿನಲ್ಲೂ ತೆಳುವಾಗಿ ಮಂಜು ಕಟ್ಟಿತು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ ತಿಳಿಯಾಗಿ ಉಳಿಯಿತು. ಈ ಸೀಮೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ಎಲ್ಲರಿಗೂ ಗೊತ್ತು. ನಮ್ಮ ಬೆಳ್ಳಿಗೆ ಆಗದ್ದು ಅದಲ್ಲ, ಅದರ ಜತೆಗಿರುವ ಉಪ್ಪು. ಎಆರ್ ಆಸಿಡ್ಡಿಗೆ ಬೋರ್ ನೀರು ಬೆರೆಸಿದರೆ ಕೊಟ್ಟ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಜನವರಿ 19, ಮೊಳಕಾಲ್ಮೂರು

ತಳಕು ದಾಟಿ ಹಾನಗಲ್ ಕ್ರಾಸಿನಲ್ಲಿ ಇಳಿದು ಹೋದೆ. ಅಕ್ಕ ಪೆಟ್ಟಿಗೆ ತೆಗೆದು ಅತ್ತೆಯವರ ಒಂದು ಸೀರೆ ತೋರಿಸಿ, ಇದನ್ನೂ ಕರಗಿಸುತ್ತೀಯಾ ಎಂದು ಕೇಳಿದಳು. ಒಡಲು ಎರಡು ಕಡೆ ಸೀಳಿದೆ, ಸೆರಗು ಗಟ್ಟಿಯಾಗಿದೆ. ಆಗದು ಎಂದೆ. ಬೀದಿ ಬೀದಿ ತಿರುಗಿ ಹಳೆ ಜರಿ ಸೀರೆ ತೂಕಕ್ಕೆ ಕೊಳ್ಳುವವರು ಬೆಳ್ಳಿಯನ್ನಷ್ಟೇ ನೋಡುತ್ತಾರೆ. ಆ ಸೆರಗನ್ನು ನೋಡಿ ಭಾವ ಇವತ್ತೂ ಅದೇ ಬುಟ್ಟಾ ಮತ್ತೆ ನೇಯಬಲ್ಲರು. ನಾನು ಕೈ ಹಾಕುವುದು ನೇಯ್ಗೆಯೇ ತಿಳಿಯದಷ್ಟು ಚಿಂದಿಯಾದುದಕ್ಕೆ ಮಾತ್ರ. ಅಕ್ಕ ಸೀರೆಯನ್ನು ಮಡಿಕೆ ಬದಲಿಸಿ ಇಟ್ಟಳು.

ಜನವರಿ 27

ಬೆಳಿಗ್ಗೆ ಗಾಳಿ ಹೊಲದ ಕಡೆಗೆ ಬೀಸುತ್ತಿತ್ತು. ಅಂಚನ್ನು ಸ್ಟೀಲ್ ಬಾಣಲೆಯಲ್ಲಿ ಸುಟ್ಟು, ಉಳಿದ ಕರಿ ತಂತಿಯನ್ನು ಬಯಲಿನಲ್ಲಿ ನೈಟ್ರಿಕ್ಕಿಗೆ ಹಾಕಿ ಕರಗಿಸಿದೆ. ಕಂದು ಹೊಗೆ ಏಳುವಾಗ ಗಾಳಿಗೆ ಬೆನ್ನು ಮಾಡಿ ದೂರ ನಿಂತೆ. ಆ ಹೊಗೆಯ ಕೇಡು ಕೂಡಲೇ ತಿಳಿಯುವುದಿಲ್ಲ, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಮನೆಯೊಳಗೆ, ಕಿಟಕಿ ತೆರೆದರೆ ಸಾಕೆಂದು, ಯಾರೂ ಇದನ್ನು ಮಾಡಕೂಡದು.

ಬೆಳ್ಳಿ ಇಳಿಸುವ ತಾಮ್ರಕ್ಕೂ ಗ್ರೇಡ್ ನೋಡಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಸುಟ್ಟ ವೈಂಡಿಂಗ್ ತಂತಿ ರಾಶಿ ಬಿದ್ದಿರುತ್ತದೆ. ಅದಕ್ಕೆ ವಾರ್ನಿಷ್ ಇಲ್ಲವೇ ಪ್ಲಾಸ್ಟಿಕ್ ಹೊದಿಕೆ. ಪ್ಯಾನಲ್ ಬೋರ್ಡಿನಿಂದ ಬಿಚ್ಚಿದ ತಾಮ್ರದ ಪಟ್ಟಿ ಕೇಳಿ ತಂದೆ, ಕರೆಂಟಿನ ತಾಮ್ರ ತಾನಾಗಿಯೇ ಶುದ್ಧ. ಸುಮಾರು 63.5 ಗ್ರಾಂ ತಾಮ್ರ ಕರಗಿದರೆ 215.7 ಗ್ರಾಂ ಬೆಳ್ಳಿ ಇಳಿಯುತ್ತದೆ. ಪಟ್ಟಿಯ ಮೈಮೇಲೆ ಬೂದು ಪಾಚಿ ಬೆಳೆಯುತ್ತಾ ಹೋಯಿತು, ದ್ರಾವಣ ನೀಲಿಗೆ ತಿರುಗಿತು. ತೊಳೆದ ನೀರಿಗೆ ಅಮೋನಿಯ ಹಾಕಿದರೂ ನೀಲಿ ಬಾರದವರೆಗೆ ತೊಳೆದೆ.

ಫೆಬ್ರವರಿ 4

ಆಚಾರ್ರು ಬಿಳಿಗಾರ ಹಾಕಿ ಮೂಸೆಯಲ್ಲಿ ಬೆಳ್ಳಿ ಕರಗಿಸಿ ಕೊಟ್ಟರು. ತಳದ ಚಿನ್ನದ ಪುಡಿ ಚಿಟಿಕೆಯಷ್ಟೂ ಇಲ್ಲ. ಚಿನ್ನ ಕರಗಿಸುವ ಅಕ್ವಾ ರೀಜಿಯಾ ಮಾಡುವಷ್ಟು ಕೂಡುವವರೆಗೆ ನೀರಿನಲ್ಲಿ ಮುಳುಗಿಸಿಡುತ್ತೇನೆ.

ಕರಗಿದ ಚಿನ್ನ ಇಳಿಸಲು ಆ ದಿನಕ್ಕೆ ಬೇಕಾಗುವ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಗೊಬ್ಬರದ ಅಂಗಡಿಯಲ್ಲೇ ನೋಡಿಬಂದೆ. ಶೇಂಗಾ ಎಲೆ ಹಳದಿಯಾದಾಗ ರೈತರು ಸಿಂಪಡಿಸುವುದು ಇದನ್ನೇ. ಲ್ಯಾಬಿನ ಬಾಟಲಿ ಬೇಕಿಲ್ಲ. ಹರಳು ತಿಳಿ ಹಸಿರಾಗಿರಬೇಕು, ಅಷ್ಟೇ. ಹಳದಿ ಕಂದು ಹಿಡಿದಿದ್ದರೆ ಗಾಳಿ ತಿಂದು ಫೆರಿಕ್ ಆಗಿದೆ ಎಂದರ್ಥ, ಅದು ಚಿನ್ನ ಇಳಿಸದು. ಅಂಗಡಿಯಲ್ಲಿದ್ದ ಮೂಟೆ ಹಳೆಯದು. ಹೊಸ ಮಾಲು ಬಂದಾಗ ಹೇಳುತ್ತೇವೆ ಎಂದಿದ್ದಾರೆ.

ನೀಲಿ ದ್ರಾವಣದಲ್ಲಿ ಹಳೆ ಕಬ್ಬಿಣದ ಮೊಳೆ ಹಾಕಿಟ್ಟಿದ್ದೇನೆ. ತಾಮ್ರವೆಲ್ಲ ಇಳಿದ ಮೇಲೆ ಸುಣ್ಣ ಹಾಕಿ, ಗಸಿಯನ್ನು ಒಣಗಿಸಿ ಬೇರೆ ಡಬ್ಬಿಗೆ ತುಂಬಬೇಕು. ಚರಂಡಿಗೆ ಬಿಡುವುದಿಲ್ಲ. ಪಕ್ಕದಲ್ಲೇ ಎರಡು ಮನೆಯ ಬೋರ್ ಇವೆ. ಭಾವನ ಚೂರಿನ ಪೊಟ್ಟಣ ಹಾಗೇ ವಾಪಸ್ಸು: ತಾಮ್ರದ ಜರಿಗೆ ಸುರಿಯುವ ನೈಟ್ರಿಕ್ಕಿನ ಬೆಲೆ ಅದರ ಬೆಳ್ಳಿಯಿಂದ ಹುಟ್ಟುವುದಿಲ್ಲ.