ಏಳು ಸೇತುವೆ ದಾಟಿ ಹೆಮ್ಮಾಡಿಗೆ

ಮಂಗಳೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವವರನ್ನು ದಾರಿಯಲ್ಲಿ ಎಷ್ಟು ನದಿಗಳು ಸಿಗುತ್ತವೆ ಎಂದು ಕೇಳಿ ನೋಡಿ. ಒಂದೆರಡು ಹೆಸರು ಹೇಳಿ ಸುಮ್ಮನಾಗುತ್ತಾರೆ. ಸೈಕಲಿನಲ್ಲಿ ಹೋದವರಿಗೆ ಈ ಲೆಕ್ಕ ಮರೆಯುವುದಿಲ್ಲ. ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮುಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರದಲ್ಲಿ ಪಂಚಗಂಗಾವಳಿ. ಸೇತುವೆ ಬಂತೆಂದರೆ ರಸ್ತೆ ಸಣ್ಣದಾಗಿ ಏರುತ್ತದೆ, ಮರಗಳ ಮರೆ ತಪ್ಪಿ ಗಾಳಿ ನೇರವಾಗಿ ಮೈಗೆ ಹೊಡೆಯುತ್ತದೆ, ಕಾಂಕ್ರೀಟ್ ಹಾಸುಗಳ ನಡುವಿನ ಸಂದಿಯಲ್ಲಿ ತೆಳ್ಳಗಿನ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಆ ನಡುವೆಯೂ ಬೆಳಗ್ಗಿನ ಹೊತ್ತು ದೋಣಿಯಲ್ಲಿ ನಿಂತು ಬಲೆ ಬಿಡುವವರು ಕಾಣಿಸುತ್ತಾರೆ. ಬಸ್ಸಿನ ಕಿಟಕಿಗೆ ಈ ಭಾಗ್ಯವಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವ, ನಲವತ್ತೈದು ದಾಟಿದ, ಎರಡು ಮಕ್ಕಳ ತಾಯಿ. ಸೈಕಲ್ ಹಿಡಿದು ಆರು ವರ್ಷವಾಯಿತು. ಚಿಕ್ಕವಳಿದ್ದಾಗ ಅಣ್ಣನ ಸೈಕಲಿನ ದಂಡೆಯ ಕೆಳಗಿನಿಂದ ಕಾಲು ತೂರಿಸಿ ಒಳ ಪೆಡಲ್ ಕಲಿತಿದ್ದೆ. ಅದು ಏಳನೇ ತರಗತಿಗೆ ನಿಂತಿತ್ತು. ಯಾರೂ ಬೇಡವೆನ್ನಲಿಲ್ಲ, ಯಾರೂ ಬೇಕೆಂದೂ ಹೇಳಲಿಲ್ಲ. ನಮ್ಮಲ್ಲಿ ಬಹಳಷ್ಟು ಹೆಣ್ಣು ಮಕ್ಕಳ ಸೈಕಲ್ ನಿಲ್ಲುವುದು ಹೀಗೆಯೇ. ನಂತರ ಮದ್ರಸ, ಬಿ.ಎ., ಮದುವೆ, ಶಾಲೆ. ಮೊಣಕಾಲಿಗೆ ಭಾರ ಬೀಳದ ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದಾಗ ಮಗನ ಹಳೆಯ ಸೈಕಲ್ ಒರೆಸಿ ಹೊರಗೆ ತಂದೆ. ಅದರಿಂದ ರೋಡ್ ಬೈಕಿಗೆ ಬರಲು ಎರಡು ವರ್ಷ ಬೇಕಾಯಿತು.

ಈ ರೋಡ್ ಬೈಕ್ ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು. ನೋಡಲು ಬಡಕಲು. ನಮ್ಮ ಹಳೆಯ ಕರಿ ಸೈಕಲ್ ಇಪ್ಪತ್ತು ಕಿಲೋ ತೂಗಿದರೆ ಇದು ಹತ್ತರ ಆಸುಪಾಸು. ಕೆಳಕ್ಕೆ ಬಾಗಿದ ಹ್ಯಾಂಡಲ್, ನನ್ನ ಹೆಬ್ಬೆರಳಿಗಿಂತ ತುಸುವೇ ಅಗಲದ 28 ಮಿ.ಮೀ. ಟಯರು. ಮುಂದೆ ಎರಡು, ಹಿಂದೆ ಎಂಟು ಹಲ್ಲಿನ ಚಕ್ರಗಳು, ಒಟ್ಟು ಹದಿನಾರು ಗೇರು. ಹೊಸಬರು ಭಾರದ ಗೇರು ಹಾಕಿ ತುಳಿದು ಮೊಣಕಾಲು ನೋಯಿಸಿಕೊಳ್ಳುತ್ತಾರೆ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನಷ್ಟು ಕಾಲು ತಿರುಗಿಸುವುದು ಇದರ ಗುಟ್ಟು. ಹಿಟ್ಟು ರುಬ್ಬುವ ಕಲ್ಲಿನಂತೆ, ಬಲಕ್ಕಿಂತ ಲಯ ಮುಖ್ಯ. ಬೆಲೆ ಮಾತ್ರ ಹಗುರವಲ್ಲ. ಹೊಸತು ಕೊಳ್ಳಲು ಧೈರ್ಯ ಸಾಲದೆ ನಾನು ಬೇರೊಬ್ಬರು ಓಡಿಸಿ ಬಿಟ್ಟದ್ದನ್ನು ಅರ್ಧ ಬೆಲೆಗೆ ಕೊಂಡೆ. ಅದರ ಸೀಟು ಗಂಡಸರ ಅಳತೆಯದು. ಹೆಂಗಸರ ಕುಳಿತುಕೊಳ್ಳುವ ಎಲುಬುಗಳ ನಡುವೆ ಅಂತರ ಸಾಮಾನ್ಯವಾಗಿ ಹೆಚ್ಚು. ಅಗಲ ಸೀಟು ಹಾಕಿಸಿದ ಮೇಲೆಯೇ ನೋವು ಹೋಯಿತು. ಇದನ್ನು ಯಾವ ಅಂಗಡಿಯವನೂ ತಾನಾಗಿ ಹೇಳಲಿಲ್ಲ.

ಉಡುಪಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಒಳಗೆ ಸ್ಪಂಜಿನ ಪ್ಯಾಡ್ ಇರುವ ಸೈಕಲ್ ಚಡ್ಡಿ, ಅದರ ಮೇಲೆ ಕಾಲಿನ ಬಳಿ ಬಿಗಿಯಾದ ಸಡಿಲ ಪ್ಯಾಂಟು, ಮೊಣಕಾಲಿನವರೆಗಿನ, ಎರಡೂ ಬದಿ ಸೀಳಿದ, ಉದ್ದ ತೋಳಿನ ಕುರ್ತಾ. ನಾನೇ ಹೊಲಿದದ್ದು. ಬೆವರು ಬೇಗ ಒಣಗುವ ಬಟ್ಟೆಯ ಸಣ್ಣ ಮಫ್ತಾ ಕುರ್ತಾದ ಒಳಗೆ ಸೇರಿಸಿ ಪಿನ್ನು ಹಾಕಿ, ಮೇಲೆ ಹೆಲ್ಮೆಟ್. ಎಲ್ಲಕ್ಕಿಂತ ಮುಖ್ಯವಾದುದು ಬಲ ಪಾದದ ಮೇಲಿನ ವೆಲ್ಕ್ರೋ ಪಟ್ಟಿ. ಚೈನು ಬಲಗಡೆ ಇರುವುದರಿಂದ ಬಟ್ಟೆ ಹಿಡಿಯುವುದು ಅಲ್ಲಿಯೇ. ಇಷ್ಟು ಮಾಡಿಕೊಂಡರೆ ಉಡುಪಿನಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ.

"ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂದು ಕೇಳುವವರಿಗೆ ಈಗ ಉತ್ತರಿಸುವುದನ್ನು ಬಿಟ್ಟಿದ್ದೇನೆ. ಕಾಬೂಲಿನ ಮಸೂಮಾ ಅಲಿ ಝಾದಾ ಎಂಬ ಹುಡುಗಿಯ ಕಥೆ ಓದಿದ ಮೇಲೆ ನನ್ನ ಊರಿನ ಮಾತುಗಳು ಬಹಳ ಚಿಕ್ಕದಾಗಿ ಕಂಡವು. ಸೈಕಲ್ ತುಳಿದದ್ದಕ್ಕೆ ಅವಳಿಗೂ ಗೆಳತಿಯರಿಗೂ ಬೀದಿಯಲ್ಲಿ ಕಲ್ಲೇಟು ಬಿದ್ದಿತ್ತು. ಫ್ರಾನ್ಸಿನಲ್ಲಿ ಆಶ್ರಯ ಪಡೆದ ಅವಳು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಿರಾಶ್ರಿತರ ತಂಡದಿಂದ, ಹೆಲ್ಮೆಟಿನ ಕೆಳಗೆ ತಲೆವಸ್ತ್ರ ಕಟ್ಟಿಯೇ ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಸಿದಳು. ಬಂದದ್ದು ಕೊನೆಯ ಸ್ಥಾನ. ಅದೇ ದೇಶದ ಫಾರ್ಯಾಬ್ ಪ್ರಾಂತದ ಫರೀಬಾ ಮತ್ತು ಯುಲ್ದೂಝ್ ಹಾಶಿಮಿ ಎಂಬ ಅಕ್ಕತಂಗಿಯರು ತಮ್ಮ ಊರಿನ ಮೊದಲ ಸ್ಪರ್ಧೆಗೆ ಗುರುತು ಮರೆಸಿ ಹೋಗಿದ್ದರಂತೆ. 2021ರಲ್ಲಿ ದೇಶ ಬಿಟ್ಟ ಅವರು 2022ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಎಗ್ಲ್ ಪಟ್ಟಣದಲ್ಲಿ ನಡೆದ ಅಫ್ಘಾನ್ ಮಹಿಳೆಯರ 57 ಕಿ.ಮೀ. ಸ್ಪರ್ಧೆಯಲ್ಲಿ ಮೊದಲನೆಯ, ಎರಡನೆಯ ಸ್ಥಾನ ಪಡೆದರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೂ ಹೋದರು. ಅಷ್ಟು ದೂರ ಏಕೆ, ನಮ್ಮದೇ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮನೆಯ ಹೆಣ್ಣು ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಿಂದ ಪದಕ ತರುತ್ತಿದ್ದಾರೆ. ಕರಾವಳಿಯವರಾದ ನಮಗೆ ಆ ಸುದ್ದಿ ಅಷ್ಟಾಗಿ ತಲುಪಿಲ್ಲ.

ಸ್ಪರ್ಧೆಗಳಲ್ಲಿ ಹಲವು ಬಗೆ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಇನ್ನೊಬ್ಬರ ಹಿಂದೆ ಗಾಳಿಯ ಮರೆಯಲ್ಲಿ ಹೋಗುವಂತಿಲ್ಲ, ಗಡಿಯಾರದೊಂದಿಗೇ ಜಗಳ. ಒಮ್ಮೆ ಅಂಥ 20 ಕಿ.ಮೀ. ಸ್ಪರ್ಧೆಯಲ್ಲಿ ನಾನು ಮಹಿಳೆಯರ ವಿಭಾಗದಲ್ಲಿ ನಾಲ್ಕನೆಯವಳಾದೆ. ಒಟ್ಟು ಐದು ಜನರಿದ್ದೆವು ಎಂಬುದನ್ನು ಮನೆಯಲ್ಲಿ ಮಗನೇ ಎಲ್ಲರಿಗೂ ಹೇಳಿಬಿಟ್ಟ.

ನನ್ನ ಸ್ವಭಾವಕ್ಕೆ ಒಗ್ಗಿದ್ದು ಬ್ರೆವೆ. ಇದು ಫ್ರಾನ್ಸಿನಿಂದ ಬಂದ ಪದ್ಧತಿ. ಪ್ಯಾರಿಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ 1200 ಕಿ.ಮೀ. ಓಟ 1891ರಲ್ಲಿ ಆರಂಭವಾಯಿತು. ಈಗ ಅದು ಸ್ಪರ್ಧೆಯಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 90 ಗಂಟೆಯಲ್ಲಿ ಮುಗಿಸಬೇಕಾದ ಸವಾರಿ. ನಮ್ಮ ಊರುಗಳಲ್ಲಿ ನಡೆಯುವುದು ಅದರ ಕೆಳಗಿನ ಮೆಟ್ಟಿಲುಗಳು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಮೊದಲು ಬಂದವರಿಗೆ ಬಹುಮಾನವಿಲ್ಲ, ಸ್ಥಾನಗಳೂ ಇಲ್ಲ. ಆದರೆ ದಾರಿಯಲ್ಲಿ ಯಾರೂ ನೀರು ಕೊಡುವುದಿಲ್ಲ, ವಾಹನದಲ್ಲಿ ಹಿಂಬಾಲಿಸುವಂತಿಲ್ಲ. ಪಂಕ್ಚರ್ ಆದರೆ ನಾವೇ ಹಾಕಿಕೊಳ್ಳಬೇಕು. ನಡುನಡುವೆ ಇರುವ ತಪಾಸಣೆಯ ಸ್ಥಳಗಳನ್ನು ನಿಗದಿತ ಸಮಯದೊಳಗೆ ಮುಟ್ಟಬೇಕು.

2025ರ ಜನವರಿಯ ಒಂದು ಭಾನುವಾರ. ಮಂಗಳೂರಿನಿಂದ ಹೆಮ್ಮಾಡಿಗೆ ನೂರು, ಅಲ್ಲಿಂದ ಮರಳಿ ನೂರು. ಬೆಳಿಗ್ಗೆ ಆರಕ್ಕೆ ಆರಂಭ, ಹೆಮ್ಮಾಡಿಯ ಬಾಗಿಲು 12.40ಕ್ಕೆ ಮುಚ್ಚುತ್ತದೆ. ಫಜ್ರ್ ಮುಗಿಸಿ ಕತ್ತಲಲ್ಲಿ ಹೊರಟವರಲ್ಲಿ ಹೆಂಗಸರು ನಾವು ಮೂವರು. ಬೆನ್ನಿಗೆ ಮಿನುಗುವ ಜಾಕೆಟ್, ಹಿಂದೆ ಕೆಂಪು ದೀಪ. ಜೇಬಿನಲ್ಲಿ ಖರ್ಜೂರ, ಬಾಳೆಹಣ್ಣು, ಮನೆಯಲ್ಲಿ ಮಾಡಿದ ಎಳ್ಳುಂಡೆ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು, ಸಕ್ಕರೆ ಹಾಕಿದ ಲಿಂಬೆ ಪಾನಕ. ಕೂಳೂರು ದಾಟುವಾಗ ನದಿಯ ಮೇಲೆ ಮಂಜು. ಮುಲ್ಕಿ ಸೇತುವೆಯಲ್ಲಿ ಸೂರ್ಯ ಬಲಗಡೆ ತೆಂಗಿನ ತಲೆಗಳ ಮೇಲೆ ಬಂದಿದ್ದ. ಪಡುಬಿದ್ರಿ, ಉಚ್ಚಿಲ, ಕಾಪು ಸರಾಗವಾಗಿ ಹಿಂದೆ ಹೋದವು. ಒಂಬತ್ತಕ್ಕೆ ಉಡುಪಿ, ಅಲ್ಲಿ ಬನ್ಸು, ಚಹಾ.

ಹೆಂಗಸರ ಸೈಕಲ್ ಸವಾರಿಯ ಬಗ್ಗೆ ಬರೆಯುವವರು ಶೌಚಾಲಯದ ವಿಷಯ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಗಂಡಸರು ಹೆದ್ದಾರಿಯ ಬದಿಯ ಯಾವುದಾದರೂ ಮರದ ಹಿಂದೆ ಹೋಗಿ ಎರಡೇ ನಿಮಿಷಕ್ಕೆ ಬರುತ್ತಾರೆ. ನಮಗೆ ಪೆಟ್ರೋಲ್ ಬಂಕು, ಹೋಟೆಲು ಹುಡುಕಬೇಕು. ಬಂಕಿನಲ್ಲಿ ಕೀಲಿ ಯಾರ ಬಳಿಯೋ ಇರುತ್ತದೆ, ಅವರು ಎಲ್ಲಿಗೋ ಹೋಗಿರುತ್ತಾರೆ. ಅದಕ್ಕೆ ಹೆದರಿ ನೀರನ್ನೇ ಕುಡಿಯದವರನ್ನು ಕಂಡಿದ್ದೇನೆ. ಬಿಸಿಲಿನಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ನಾನು ಮಾಡುವುದಿಷ್ಟೇ. ಅಂಗಳದಲ್ಲಿ ಹೆಂಗಸರಿರುವ ಮನೆ ಕಂಡರೆ ಸೈಕಲ್ ನಿಲ್ಲಿಸಿ ನೇರವಾಗಿ ಕೇಳುವುದು. ಈ ಆರು ವರ್ಷಗಳಲ್ಲಿ ಒಬ್ಬರೂ ಇಲ್ಲ ಎಂದಿಲ್ಲ.

ಸಾಲಿಗ್ರಾಮದ ಹತ್ತಿರ ಹಿಂದಿನ ಚಕ್ರ ಮೆತ್ತಗಾಯಿತು. ಲಾರಿ ಟಯರುಗಳು ಸವೆದಾಗ ಒಳಗಿನ ಉಕ್ಕಿನ ಎಳೆಗಳು ಚೂರಾಗಿ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತವೆ. ಕೂದಲಿನಷ್ಟು ತೆಳು. ಬೆರಳಿನಿಂದ ಟಯರಿನ ಒಳಗೆಲ್ಲ ಸವರಿ ಆ ಎಳೆಯನ್ನು ಹುಡುಕಿ ತೆಗೆದು ಹೊಸ ಟ್ಯೂಬು ಹಾಕಿದೆ. ಹಾಗೆ ತೆಗೆಯದಿದ್ದರೆ ಹೊಸ ಟ್ಯೂಬೂ ಅರ್ಧ ಕಿಲೋಮೀಟರಿನಲ್ಲಿ ಹೋಗುತ್ತದೆ. ಕೈಪಂಪಿನಿಂದ ಸಾಕಷ್ಟು ಗಾಳಿ ತುಂಬಲು ಆಗುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿಯ ನಳಿಗೆ ಈ ಸೈಕಲಿನ ಸಪೂರ ಬಾಯಿಗೆ ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಚಿಕ್ಕ ಟೊಪ್ಪಿ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿಯ ವಸ್ತು. ಅದನ್ನು ಕೀಲಿಗೊಂಚಲಿನಲ್ಲಿ ಕಟ್ಟಿಕೊಂಡಿರುತ್ತೇನೆ. ಎಲ್ಲ ಮುಗಿದಾಗ ಅರ್ಧ ಗಂಟೆ ಹೋಗಿತ್ತು. ಎಣ್ಣೆಗೈ ತೊಳೆಯಲು ಪಕ್ಕದ ಮನೆಗೆ ಹೋದೆ. ಬಾವಿಕಟ್ಟೆಯಲ್ಲಿದ್ದ ಅಜ್ಜಿ ಕೊಡಪಾನ ಇಳಿಸಿ ನನ್ನನ್ನೂ ಸೈಕಲನ್ನೂ ನೋಡಿದರು.

"ಹೋಯ್, ಮಂಗ್ಳೂರಿಂದ ಇದ್ರಗೆ ಬಂದದ್ದಾ? ಬಸ್ಸ್ ಸಿಕ್ಕಿಲ್ಯಾ?"

ನಾನು ನಕ್ಕು ಹೌದೆಂದೆ. ಕೈಗೆ ಸೋಪು ಕೊಟ್ಟರು, ಒಂದು ಲೋಟ ಮಜ್ಜಿಗೆ ಕೊಟ್ಟರು, ಹಿತ್ತಲಿನ ಬಾಗಿಲು ತೋರಿಸಿದರು. ಬಸ್ಸಿನ ವಿಷಯದಲ್ಲಿ ಮಾತ್ರ ಅವರ ಮರುಕ ಕೊನೆಯವರೆಗೂ ಕಡಿಮೆಯಾಗಲಿಲ್ಲ.

ಹೊರಡುವಾಗ ಹನ್ನೊಂದೂ ಕಾಲು. ಇನ್ನೂ ಇಪ್ಪತ್ತು ಕಿ.ಮೀ. ಉಳಿದಿತ್ತು. ಸಾಮಾನ್ಯ ದಿನ ಒಂದು ಗಂಟೆಯ ದಾರಿ. ಆದರೆ ಕರಾವಳಿಯ ಚಳಿಗಾಲಕ್ಕೆ ಅದರದೇ ನಿಯಮವಿದೆ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ಅದೂ ವಾಯುವ್ಯದಿಂದ. ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ. ತೆಕ್ಕಟ್ಟೆಯಲ್ಲಿ ಅದು ಶುರುವಾಯಿತು. ಕೋಟೇಶ್ವರ ಬರುವಾಗ ಗಂಟೆಗೆ ಹದಿನೈದು ಕಿ.ಮೀ. ಕೂಡ ಕಷ್ಟವಾಯಿತು. ಬಾಗಿ, ಹ್ಯಾಂಡಲಿನ ಕೆಳ ಹಿಡಿ ಹಿಡಿದು ಗೇರು ಇಳಿಸಿದೆ. ನಮ್ಮ ಗುಂಪಿನ ಯುವತಿಯೊಬ್ಬಳು ಅಲ್ಲಿ ನಿಧಾನ ಹೋಗುತ್ತಿದ್ದವಳು, "ಟೀಚರ್, ನನ್ನ ಹಿಂದೆ ಬನ್ನಿ" ಎಂದಳು. ಅವಳ ಚಕ್ರದ ಹಿಂದೆ ಒಂದು ಮಾರು ಅಂತರದಲ್ಲಿ ಸೇರಿಕೊಂಡೆ. ಎರಡು ಕಿಲೋಮೀಟರ್ ಅವಳು ಮುಂದೆ, ಎರಡು ಕಿಲೋಮೀಟರ್ ನಾನು ಮುಂದೆ. ಪಂಚಗಂಗಾವಳಿಯ ಸೇತುವೆಯ ಮೇಲೆ ಗಾಳಿ ಎಷ್ಟಿತ್ತೆಂದರೆ ಮಾತಾಡಿದ್ದು ಪರಸ್ಪರ ಕೇಳಿಸಲಿಲ್ಲ. ಹೆಮ್ಮಾಡಿ ಮುಟ್ಟಿದಾಗ 12.31.

ಒಂಬತ್ತು ನಿಮಿಷ ಉಳಿದಿತ್ತು. ಕಾರ್ಡಿಗೆ ಮೊಹರು ಬಿದ್ದ ಮೇಲೆ ನೆಲದ ಮೇಲೆಯೇ ಕುಳಿತೆವು. ಸಂಕ್ರಾಂತಿಯ ಸಮಯಕ್ಕೆ ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆ ಅರಳುತ್ತದೆ. ಬೇರೆ ಕಡೆಯ ಸೇವಂತಿಗೆಯಂತೆ ದಪ್ಪವಲ್ಲ, ಚಿಕ್ಕ ಹಳದಿ ಹೂವು. ಕಣ್ಣಿಗೆ ಇಳಿದ ಬೆವರು ಒರೆಸಿ ಅದನ್ನು ನೋಡಿದೆ.

ಮರಳುವಾಗ ಕುಂದಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆಗೆ ಹೋಗಲಿಕ್ಕಿತ್ತು. ದಾರಿಯ ಮಸೀದಿಗಳಲ್ಲಿ ಹೆಂಗಸರಿಗೆ ಸ್ಥಳ ಇರುವುದು ಅಪರೂಪ. ಹಾಗಾಗಿ ದೂರದ ಸವಾರಿಗಳಲ್ಲಿ ನಮಾಝಿಗೆ ಪರಿಚಯದ ಮನೆಯೊಂದನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಪ್ರಯಾಣದ ರಿಯಾಯಿತಿಯಂತೆ ಝುಹರ್, ಅಸರ್ ಒಟ್ಟಿಗೆ ಮುಗಿಸಿದೆ. ಅವಳು ಗಂಜಿ, ಚಟ್ನಿ ಮಾಡಿಟ್ಟಿದ್ದಳು. ಸೈಕಲ್ ಸವಾರಿಯ ಮಧ್ಯೆ ಬಿರಿಯಾನಿ ಬೇಡವೆಂದು ಫೋನಿನಲ್ಲಿಯೇ ಖಂಡಿತವಾಗಿ ಹೇಳಿದ್ದೆ.

ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ಮೊದಲ ತಂಡದಲ್ಲಿ ಸೈಕಲ್ ಪಡೆದವರಲ್ಲಿ ಇವಳೂ ಒಬ್ಬಳು. ಮೂರು ಕಿ.ಮೀ. ದೂರದಿಂದ ಇಬ್ಬರು ಗೆಳತಿಯರೊಂದಿಗೆ ಸಾಲಾಗಿ ಬರುತ್ತಿದ್ದುದು ನನಗೆ ಈಗಲೂ ನೆನಪಿದೆ. ಎಸ್ಸೆಸ್ಸೆಲ್ಸಿಯ ನಂತರ ಸೈಕಲ್ ಮನೆಯ ಹಿಂದೆ ನಿಂತಿತು, ಗುಜರಿಗೆ ಹೋಯಿತು. ಈಗ ಅವಳಿಗೆ ಎರಡು ಮಕ್ಕಳು. ಮಕ್ಕಳನ್ನು ಶಾಲೆಗೆ ಬಿಡಲು ದಿನಕ್ಕೆ ಎರಡು ಸಲ ರಿಕ್ಷಾ.

"ಟೀಚರ್, ನಾನೊಂದು ಸುತ್ತು ಬಿಡ್ಲಾ?" ಎಂದು ಕೇಳಿದಳು. ಅತ್ತೆ ಒಳಗಿದ್ದರು. ಸೀಟು ಇಳಿಸಿ ಕೊಟ್ಟೆ, ಬ್ರೇಕು ಎಲ್ಲಿದೆ ಎಂದು ತೋರಿಸಿದೆ. ಓಣಿಯ ಕೊನೆಯವರೆಗೆ ಅಲುಗಾಡುತ್ತಾ ಹೋದಳು, ತಿರುಗಿ ಬರುವಾಗ ನೆಟ್ಟಗೆ ಬಂದಳು. ಇನ್ನೊಂದು ಸುತ್ತು ಹೋದಳು. ಮೂರನೆಯ ಸುತ್ತಿಗೆ ಅತ್ತೆ ಹೊಸ್ತಿಲಿಗೆ ಬಂದು ನಿಂತು ನೋಡಿದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಬಿದ್ದರೆ?" ಎಂದು ನನ್ನನ್ನು ಕೇಳಿದರು. ಬೀಳುವುದಿಲ್ಲ ಎಂದೆ.

ಅಲ್ಲಿಂದ ಹೊರಟಾಗ ಎರಡು ದಾಟಿತ್ತು. ಬೆಳಿಗ್ಗೆ ಕಾಡಿದ ಗಾಳಿಯೇ ಈಗ ಬೆನ್ನಿಗಿತ್ತು. ಸೀತಾ, ಸ್ವರ್ಣಾ, ಪಾಪನಾಶಿನಿ, ಶಾಂಭವಿ ಒಂದೊಂದಾಗಿ ಹಿಂದೆ ಸರಿದವು. ಸುರತ್ಕಲ್ ಬರುವಾಗ ಕತ್ತಲಾಗಿತ್ತು, ದೀಪ ಹಾಕಿದೆವು. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳ ಬೆಳಕಿಗೆ ಕಣ್ಣು ಕುರುಡಾಗುವುದು ಈ ಹೆದ್ದಾರಿಯ ಅತ್ಯಂತ ಕೆಟ್ಟ ಭಾಗ. ಅಲ್ಲಿ ನಾನು ವೇಗದ ಆಸೆ ಬಿಟ್ಟು ಅಂಚು ಹಿಡಿದು ಹೋಗುತ್ತೇನೆ. ಏಳು ಗಂಟೆ ನಾಲ್ಕು ನಿಮಿಷಕ್ಕೆ ಮುಗಿಸಿದೆವು. ಇವರು ಬಿಸಿನೀರು ಕಾಯಿಸಿಟ್ಟಿದ್ದರು, ಮೀನು ಸಾರೂ ಆಗಿತ್ತು.

ಕೆಲವು ತಿಂಗಳ ನಂತರ ಪದಕ ಬಂತು. ಉಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ಜೊತೆಗೆ ಎಷ್ಟು ದುಡ್ಡು ಕೊಟ್ಟರು?" ಎಂದು ಕೇಳಿದರು. ದುಡ್ಡು ಅವರು ಕೊಡುವುದಲ್ಲ, ಪದಕಕ್ಕೆ ನಾವೇ ಕೊಡಬೇಕು ಎಂದಾಗ ಉಮ್ಮನ ಮುಖ ನೋಡಬೇಕಿತ್ತು.

ಕುಂದಾಪುರದಿಂದ ಫೋನು ಬಂದದ್ದು ರಮಝಾನಿನ ನಂತರ. ಹಳೆಯ ಸೈಕಲ್ ಕೊಳ್ಳುವುದಾದರೆ ಏನೇನು ನೋಡಬೇಕು ಎಂದು ಕೇಳಿದಳು. ಚಕ್ರ ಎತ್ತಿ ತಿರುಗಿಸಿ, ರಿಮ್ಮು ಅಲುಗಾಡುತ್ತದೋ ನೋಡು, ಚೈನು ತುಕ್ಕು ಹಿಡಿದಿದ್ದರೆ ಬೇಡ, ನಿನ್ನ ಎತ್ತರಕ್ಕೆ ಸಣ್ಣ ಫ್ರೇಮು ಸಾಕು, ಹಿಂದೆ ಕ್ಯಾರಿಯರ್ ಇರಲಿ ಎಂದೆ.

"ಎರಡು ಕ್ಯಾರಿಯರ್ ಇರುವುದು ಸಿಗುತ್ತದಾ ಟೀಚರ್? ಅತ್ತೆ ಕೇಳಲಿಕ್ಕೆ ಹೇಳಿದರು" ಎಂದಳು.