ಕಾಮಾಕುರದಲ್ಲಿ ಕಂಡ ಪಾದರಕ್ಷೆ

ನಮ್ಮ ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರರು ಆಳಿದ ಊರು. ಈಗ ರಾಗಿಯ ಹೊಲ, ತೆಂಗಿನ ತೋಟ, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿಗಳ ಊರು. ಇಲ್ಲಿಯ ಮಕ್ಕಳು ಓದಿ, ಬೆಂಗಳೂರನ್ನೂ ದಾಟಿ ದೂರದೇಶಗಳಿಗೆ ಹೋಗಿದ್ದಾರೆ. ನನ್ನ ಮಗನೂ ಅವರಲ್ಲೊಬ್ಬ. ಜಪಾನಿನ ಟೋಕಿಯೋ ನಗರದಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ.

ಅವನು ಕಳುಹಿಸಿದ ಹಣದಿಂದ ನಮ್ಮ ಹಳೆಯ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತು. ಕೆಳಗಿನ ಮನೆಯಷ್ಟೇ ಸಾಕೆಂದು ಮೊದಲು ನಿಶ್ಚಯವಾಗಿತ್ತು. ನಾಲ್ಕು ಜನ ಬಂದರೆ ಶರಣರ ಗೋಷ್ಠಿಗೆ ಅನುಕೂಲವಾಗಲಿ, ಮೇಲಂತಸ್ತೂ ಇರಲಿ ಎಂದವನು ನಾನು. ಮಗ ಮರುಮಾತಾಡದೆ ಒಪ್ಪಿದ. ಆದರೆ 2022ರ ಮೇ ತಿಂಗಳಲ್ಲಿ ನಡೆದ ಗೃಹಪ್ರವೇಶಕ್ಕೆ ಅವನು ಬರಲಿಲ್ಲ. “ರಜೆ ಸಿಗಲಿಲ್ಲ ಅಪ್ಪಾಜಿ” ಎಂದಷ್ಟೇ ಹೇಳಿದ. ಸಿದ್ಧಗಂಗೆಯ ಮಠದಲ್ಲಿ ಅನ್ನ, ಅಕ್ಷರಗಳೆರಡನ್ನೂ ಪಡೆದು, ಮೂರೂವರೆ ದಶಕ ಸಂಸ್ಕೃತ ಪಾಠ ಹೇಳಿದ ನನಗೆ ಉಪದೇಶದ ಚಟ ಉಂಟು. ಬಂದ ನೆಂಟರ ಮುಂದೆ ಮುಖಭಂಗವಾದ ಸಿಟ್ಟಿನಲ್ಲಿ, “ಕಾಯಕವೆಂದರೆ ಹಣ ಎಣಿಸುತ್ತ ಹೆತ್ತವರನ್ನು ಮರೆಯುವುದಲ್ಲ” ಎಂದುಬಿಟ್ಟೆ. ಆ ಮೇಲೆ ಹಲವು ತಿಂಗಳು ನಮ್ಮಿಬ್ಬರ ನಡುವೆ ಮಾತು ಕ್ಷೇಮಸಮಾಚಾರಕ್ಕೆ ಮೀರಲಿಲ್ಲ.

2023ರ ನವೆಂಬರಿನಲ್ಲಿ ಅವನೇ ನಮ್ಮಿಬ್ಬರನ್ನೂ ಕರೆಸಿಕೊಂಡ. ಅವನಿರುವ ನಿಶಿ-ಕಸಾಯಿ ಟೋಕಿಯೋದ ಪೂರ್ವಭಾಗದ ಬಡಾವಣೆ. ಇಸವಿ 2000ರ ಆಚೀಚೆ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಭಾರತೀಯರು ಅಲ್ಲಿ ನೆಲೆಸತೊಡಗಿ, ಈಗ ಬೇಳೆ, ಸಾಂಬಾರ ಪದಾರ್ಥಗಳ ಅಂಗಡಿಗಳೂ ಅಲ್ಲಿವೆ. ಮಗನ ಗೆಳೆಯರು ಇಬ್ಬರು ಶನಿವಾರ ನಮ್ಮನ್ನು ಕಾಮಾಕುರಕ್ಕೆ ಕರೆದೊಯ್ಯಲು ಬಂದರು. ಒಬ್ಬ ಕುಣಿಗಲ್ ಕಡೆಯ ಹುಡುಗ; ಇನ್ನೊಬ್ಬ ಜಪಾನೀಯನೇ, ಮಗನ ಸಹೋದ್ಯೋಗಿ.

ಅಲ್ಲಿಯ ಹೋಟೆಲುಗಳಲ್ಲಿ ಬರಿಯ ತರಕಾರಿಯ ಸಾರಿನಂತೆ ಕಾಣುವುದರಲ್ಲಿಯೂ ಒಣಮೀನಿನ ರಸ ಸೇರಿರುವುದುಂಟು. ಆದುದರಿಂದ ನನ್ನ ಮನೆಯವರು ಚಪಾತಿ, ಹುಚ್ಚೆಳ್ಳಿನ ಚಟ್ನಿಪುಡಿ, ಮೊಸರನ್ನದ ಬುತ್ತಿ ಕಟ್ಟಿದರು. ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಗಾಡಿಯ ತುಂಬ ಜನ. ಆದರೂ ಪ್ರಾರ್ಥನೆಯ ಹೊತ್ತಿನ ಮಠದಂತೆ ನಿಶ್ಶಬ್ದ. ಮೊದಲು 1253ರಲ್ಲಿ ಸ್ಥಾಪಿತವಾದ ಕೆಂಚೋಜಿ ಎಂಬ ಝೆನ್ ಮಠವನ್ನು ಕಂಡೆವು. ಅಂಗಳದಲ್ಲಿ ಕಸ ಗುಡಿಸಿದ ಗೆರೆಗಳು ಇನ್ನೂ ಹಸಿಯಾಗಿದ್ದವು. ಬೆಳಗಿನ ಜಾವ ಎದ್ದು ಮಠದ ಅಂಗಳ ಗುಡಿಸುತ್ತಿದ್ದ ನನ್ನ ಬಾಲ್ಯ ಕಣ್ಣಿಗೆ ಕಟ್ಟಿತು.

ಅಲ್ಲಿಂದ ಮನೆಗಳ ಹಿತ್ತಿಲನ್ನು ಸವರಿಕೊಂಡೇ ಓಡುವ ಪುಟ್ಟ ರೈಲಿನಲ್ಲಿ ಹೋಗಿ ಮಹಾಬುದ್ಧನ ಮುಂದೆ ನಿಂತೆವು. 1252ರಲ್ಲಿ ಎರಕ ಆರಂಭವಾದ ಕಂಚಿನ ವಿಗ್ರಹ. ಪೀಠ ಬಿಟ್ಟು ಹನ್ನೊಂದು ಮೀಟರಿಗೂ ಮಿಕ್ಕ ಎತ್ತರ, 121 ಟನ್ ತೂಕ. ಹಿಂದೆ ಇದ್ದ ಮಂದಿರ ಬಿರುಗಾಳಿ, ಸಮುದ್ರದ ಅಲೆಗಳಿಗೆ ಸಿಕ್ಕಿ ನಾಶವಾದ ಮೇಲೆ, ಐನೂರು ವರ್ಷಗಳಿಂದ ಬಯಲಿನಲ್ಲಿಯೇ ಕುಳಿತಿದ್ದಾನೆ. ವಿಗ್ರಹದ ಒಳಗು ಟೊಳ್ಳು. ಅದರೊಳಗೆ ಹೋಗಿ ಬರಲು ತಾಯಿಯೂ ಮಗನೂ ಚಿಕ್ಕ ಬಾಗಿಲಿನಲ್ಲಿ ಬಗ್ಗಿ ನಡೆದರು.

ನಾನು ಹೊರಗೆ ಉಳಿದೆ. ಪಕ್ಕದ ಪಡಸಾಲೆಯ ಗೋಡೆಗೆ ಹುಲ್ಲಿನಿಂದ ಹೆಣೆದ, ಆಳೆತ್ತರದ ಒಂದು ಜೊತೆ ಪಾದರಕ್ಷೆಗಳನ್ನು ತೂಗುಹಾಕಿದ್ದರು. ಯುದ್ಧದಲ್ಲಿ ಸೋತ ದೇಶ ಇನ್ನೂ ಚೇತರಿಸಿಕೊಳ್ಳುತ್ತಿದ್ದ 1951ರಲ್ಲಿ, ಬುದ್ಧನು ಇವನ್ನು ಮೆಟ್ಟಿ ನಾಡೆಲ್ಲ ನಡೆದು ಜನರಿಗೆ ಸುಖ ತರಲಿ ಎಂದು ಇಬರಾಕಿ ಪ್ರಾಂತ್ಯದ ಮಕ್ಕಳು ಮೊದಲು ಹೆಣೆದು ಅರ್ಪಿಸಿದರಂತೆ. ಜಪಾನೀ ಗೆಳೆಯ ಹೇಳಿದ್ದನ್ನು ಕುಣಿಗಲ್ಲಿನ ಹುಡುಗ ಕನ್ನಡಕ್ಕೆ ತಿರುಗಿಸಿದ. ನಾನು ಸುಮ್ಮನಿರಲಾರದೆ ಹರಳಯ್ಯ ಶರಣರ ಕಥೆಯನ್ನು ಹೇಳಿದೆ. ಆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ತಂದರು. ಅಂಥದನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಅಣ್ಣನವರು ತಲೆಯ ಮೇಲಿರಿಸಿಕೊಂಡರು ಎಂದೆ.

ಕಥೆ ಮುಗಿದಾಗ ಆ ಜಪಾನೀಯ ತಲೆಬಾಗಿಸಿ ಏನೋ ಅಂದ. ಕುಣಿಗಲ್ಲಿನ ಹುಡುಗ ಅದನ್ನು ತಿರುಗಿಸಲು ಹಿಂಜರಿದ. ಒತ್ತಾಯಿಸಿದಾಗ, “ನಿಮ್ಮ ಮಗ ಕಟ್ಟಿಸಿದ ಮನೆಯೂ ಹಾಗೆಯೇ ಅಲ್ಲವೆ ಎನ್ನುತ್ತಿದ್ದಾರೆ, ಮೇಷ್ಟ್ರೇ” ಎಂದ. ನಂತರ ಒಂದೊಂದಾಗಿ ಹೊರಬಂತು. ಮೇಲಂತಸ್ತಿನ ಖರ್ಚಿಗೆಂದು ಮಗ ಕಚೇರಿಯ ಕೆಲಸ ಮುಗಿದ ಮೇಲೆ ರಾತ್ರಿ ಬೇರೊಂದು ಕೆಲಸವನ್ನೂ ಹಿಡಿದಿದ್ದ. ಗೃಹಪ್ರವೇಶಕ್ಕೆ ವಾರವಿರುವಾಗ ಕುಸಿದುಬಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿ, ಮೊದಲ ರಾತ್ರಿ ಅಲ್ಲಿಯೇ ಕುಳಿತಿದ್ದವನು ಈ ಜಪಾನೀಯ. ಹನ್ನೊಂದು ದಿನ ಹಾಸಿಗೆ. ಊರಿಗೆ ತಿಳಿಸಕೂಡದೆಂದು ಗೆಳೆಯರಿಂದ ಮಾತು ಪಡೆದಿದ್ದನಂತೆ.

ದುಡಿದು ದುಡಿದೇ ಸಾಯುವುದಕ್ಕೆ ಜಪಾನೀಯರಲ್ಲಿ ‘ಕರೋಶಿ’ ಎಂಬ ಪದವೇ ಉಂಟು. ಅದನ್ನು ತಡೆಯಲು 2014ರಲ್ಲಿ ಒಂದು ಕಾನೂನು ಬಂತು. 2019ರಿಂದ ಹೆಚ್ಚುವರಿ ದುಡಿಮೆಗೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಳ ಮಿತಿಯನ್ನೂ ಜಾರಿಗೆ ತಂದರು. ಆದರೆ ದೂರದ ಹಳ್ಳಿಯಿಂದ ಮಗನ ಹೆಗಲ ಮೇಲೆ ಇನ್ನೊಂದು ಅಂತಸ್ತು ಏರಿಸುವ ತಂದೆಯನ್ನು ಯಾವ ಕಾನೂನು ತಡೆದೀತು? ಬಸವಣ್ಣನವರು ಮೆಟ್ಟಲು ಅಂಜಿದ ಪಾದರಕ್ಷೆಯನ್ನು ನಾನು ಒಂದೂವರೆ ವರ್ಷದಿಂದ ಮೆಟ್ಟಿ ಓಡಾಡುತ್ತಿದ್ದೆ. ಅದರ ಮೇಲೆ ಬೈದೂ ಇದ್ದೆ.

ರಾತ್ರಿ ನನ್ನ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಅತ್ತರು. ಆಮೇಲೆ, “ಆಯ್ದಕ್ಕಿ ಮಾರಯ್ಯನವರು ಒಂದು ಹಿಡಿ ಹೆಚ್ಚು ಅಕ್ಕಿ ತಂದದ್ದಕ್ಕೆ ಲಕ್ಕಮ್ಮನವರು ಹಿಂದಕ್ಕೆ ಸುರಿದು ಬನ್ನಿ ಎಂದರಲ್ಲ, ಊರಿಗೆಲ್ಲ ಆ ಕಥೆ ಹೇಳಿದವರು ನೀವೇ. ನಮ್ಮ ಮನೆಗೆ ಯಾಕೆ ಹೇಳಿಕೊಳ್ಳಲಿಲ್ಲ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಭಾನುವಾರ ಮಧ್ಯಾಹ್ನ ಗೆಳೆಯರೆಲ್ಲ ಮಗನ ಪುಟ್ಟ ಮನೆಯಲ್ಲಿ ಸೇರಿದರು. ಊರಿನಿಂದ ತಂದ ರಾಗಿಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು. ಜಪಾನೀಯ ಮುದ್ದೆಯನ್ನು ಅಗಿಯಲು ಹೋಗಿ ಎಲ್ಲರನ್ನೂ ನಗಿಸಿದ. ಊಟವಾದ ಮೇಲೆ ನಾನು ಅವನಿಗೆ ಕೈಮುಗಿದೆ. ಅವನು ನನಗಿಂತಲೂ ಕೆಳಗೆ ಬಾಗಿದ. ಮಗ ಬೆಚ್ಚಿ ನನ್ನ ಮುಖ ನೋಡಿದ. “ತಿಳಿಯಿತು ಮಗನೆ, ನಾನು ಆಡಿದ್ದು ತಪ್ಪು” ಎಂದೆ. ಅವನು, “ಇರಲಿ ಬಿಡಿ ಅಪ್ಪಾಜಿ” ಎಂದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು.

ಕಾಯಕ ದೊಡ್ಡದು, ನಿಜ. ಕಾಯವಿದ್ದರೆ ತಾನೆ ಕಾಯಕ? ದೂರದಲ್ಲಿ ಮಕ್ಕಳಿರುವ ಶರಣ ಬಂಧುಗಳು ಇದನ್ನೊಮ್ಮೆ ಯೋಚಿಸಬೇಕು. ನಮ್ಮ ಮೇಲಂತಸ್ತಿನಲ್ಲಿ ಈಗ ಊರಿನ ಮಕ್ಕಳು ಸಂಜೆ ಕುಳಿತು ಓದಿಕೊಳ್ಳುತ್ತಾರೆ. ಮಗನಿಗೆ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಮೊದಲು “ಯಾವಾಗ ಬರುತ್ತೀಯೆ?” ಎಂದು ಕೇಳುತ್ತಿದ್ದೆ. ಈಗ, “ಚೆನ್ನಾಗಿ ನಿದ್ದೆ ಮಾಡಿದೆಯಾ?” ಎಂದು ಕೇಳುತ್ತೇನೆ.